ದುರ್ಬೀನಿನ ಗಿಡ್ಡ ಬಳೆ

ಬೋಲ್ಟು ಮೇಲೇಳಲಿಲ್ಲ.

ಇನ್ಸ್‌ಪೆಕ್ಟರ್ ಹಿಡಿಯನ್ನು ಇನ್ನೊಮ್ಮೆ ಎತ್ತಿ ನೋಡಿದಳು. ಅರ್ಧ ದಾರಿಗೆ ಬಂದು ಟಕ್ ಎಂದು ನಿಂತಿತು. ರೈಫಲಿನ ನೆತ್ತಿಯ ಮೇಲೆ ಗುರಿ ನೋಡುವ ದುರ್ಬೀನು ಕೂತಿತ್ತು. ಅದರ ಹಿಂಬದಿಯಲ್ಲಿ, ಕಣ್ಣಿಡುವ ಕಡೆ, ಕೊಳವೆ ದಪ್ಪಗೆ ಉಬ್ಬಿತ್ತು. ಹಿಡಿಯ ತುದಿಯ ಉಂಡೆ ಆ ಉಬ್ಬಿಗೆ ಬಡಿದು ಅಲ್ಲೇ ಸಿಕ್ಕಿಕೊಂಡಿತ್ತು.

"ತುಕ್ಕು ಹಿಡಿದಿರ್ಬೇಕು ಮೇಡಂ. ಕೊಡಿ, ನಾನು ಒಂದು ಏಟು ಹಾಕ್ತೀನಿ," ಎಂದ ದಫೇದಾರ.

"ಮುಟ್ಟಬೇಡಿ."

ಜಪ್ತಿ ಮಾಲು ಇಡುವ ಆ ಕೋಣೆಯಲ್ಲಿ ಎಲ್ಲೋ ಗೋಣಿಚೀಲಗಳ ಹಿಂದೆ ಇಲಿ ಸತ್ತಿತ್ತು. ಅದನ್ನು ಹುಡುಕಿ ಎಸೆಯುವ ಬದಲು ಯಾರೋ ಪುಣ್ಯಾತ್ಮರು ಮೇಲೆ ಫಿನಾಯಿಲ್ ಸುರಿದು ಕೈತೊಳೆದುಕೊಂಡಿದ್ದರು. ಎರಡೂ ವಾಸನೆ ಸೇರಿ ಗಂಟಲಲ್ಲೇ ಮನೆ ಮಾಡಿಕೊಂಡಿದ್ದವು. ಠಾಣೆಯಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಮೂಗು ಮೇಡಂ ಎನ್ನುತ್ತಿದ್ದರು. ಅಸಹ್ಯವಾದಾಗ ಅವಳ ಮೂಗಿನ ಎಡಹೊಳ್ಳೆ ಮಾತ್ರ ಅರಳುತ್ತದೆ ಎಂಬುದು ಅವರ ಸಂಶೋಧನೆ. ಈಗ ಅದು ಅರಳಿಯೇ ಇತ್ತು. ಕಾರಣ ಇಲಿಯಲ್ಲ.

ಮರ ಕೊಯ್ಯುವ ಸಾಮಿಲ್ಲಿನ ಯಜಮಾನ ಹಂದಿ ಬೇಟೆಗೆ ಹೋಗಿ ಅಳಿಯನ ಗುಂಡಿಗೆ ಸತ್ತಿದ್ದ. ಪಾಪ, ಕೈತಪ್ಪು ಎಂದು ಊರಿಗೆ ಊರೇ ಒಪ್ಪಿಕೊಂಡು ಮುಗಿಸಿತ್ತು.

ಅಳಿಯ ಹೇಳಿದ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಅಟ್ಟಣೆಯ ಮೇಲೆ ಕೂತಿದ್ದನಂತೆ. ಬಯಲಿನ ಆಚೆ ಅಂಚಿನಲ್ಲಿ ಪೊದೆ ಅಲ್ಲಾಡಿತಂತೆ. ದುರ್ಬೀನಿಗೆ ಕಣ್ಣಿಟ್ಟರೆ ಕಂದು ಬಣ್ಣ ಬಿಟ್ಟು ಬೇರೇನೂ ಕಾಣಲಿಲ್ಲವಂತೆ. ಹಂದಿಯೆಂದು ಹೊಡೆದನಂತೆ. ಇಳಿದು ಓಡಿ ನೋಡಿದರೆ ಕಂದು ಕೋಟು ತೊಟ್ಟ ಮಾವ. ಮತ್ತೆ ರೈಫಲಿಗೆ ತೋಟಾ ಏರಿಸಿ, ಸಹಾಯಕ್ಕೆ ಜನ ಬರಲೆಂದು ಆಕಾಶಕ್ಕೆ ಇನ್ನೊಂದು ಗುಂಡು ಹಾರಿಸಿದನಂತೆ. ಹಳ್ಳದ ಆಚೆ ಹಂದಿ ಎಬ್ಬಿಸುತ್ತಿದ್ದ ಆಳುಗಳೆಲ್ಲ ಎರಡು ಸದ್ದು ಕೇಳಿದ್ದರು. ನೆಲದ ಮೇಲೆ ಎರಡು ಖಾಲಿ ತೋಟಾ ಸಿಕ್ಕಿದ್ದವು.

"ದಫೇದಾರ್ರೇ, ಈ ರೈಫಲಲ್ಲಿ ಎರಡನೇ ಗುಂಡು ಹಾರಿಸ್ಬೇಕಾದ್ರೆ ಏನು ಮಾಡ್ಬೇಕು?"

"ಹಿಡಿ ಎತ್ತಿ ಹಿಂದಕ್ಕೆ ಎಳೀಬೇಕು ಮೇಡಂ. ಖಾಲಿ ತೋಟಾ ಎಗರಿ ಬೀಳುತ್ತೆ. ಮುಂದಕ್ಕೆ ತಳ್ಳಿದ್ರೆ ಹೊಸದು ಹೋಗಿ ಕೂರುತ್ತೆ. ಆಮೇಲೆ ಹಿಡಿ ಕೆಳಗೆ."

"ಎತ್ತಿ ತೋರಿಸಿ."

ದಫೇದಾರ ಎತ್ತಿದ. ಟಕ್. ಮುಖ ಕಿವುಚಿಕೊಂಡು ಮತ್ತೆ ಎತ್ತಿದ. ಟಕ್. ಅವನ ಬಾಯಿ ನಿಧಾನವಾಗಿ ತೆರೆದುಕೊಂಡಿತು.

"ಅಯ್ಯೋ, ಏಳೋದೇ ಇಲ್ವಲ್ಲ ಮೇಡಂ! ಹಾಗಾದ್ರೆ ಎರಡನೇದು ಹೇಗೆ ಹಾರ್ತು?"

"ಅವತ್ತು ಜಪ್ತಿ ಮಾಡಿದ್ದು ನೀವೇ. ಒಳಗೆ ತೋಟಾ ಇದೆಯೋ ಇಲ್ವೋ ಅಂತ ಹೇಗೆ ನೋಡಿದ್ರಿ?"

ದಫೇದಾರನ ಕಿವಿ ಕೆಂಪಾದವು. "ತೋಟಾ ಪೆಟ್ಟಿಗೆ ಕಳಚಿಟ್ಟೆ ಮೇಡಂ. ಆಮೇಲೆ ಮೂತಿ ಆಕಾಶಕ್ಕೆ ಹಿಡಿದು ಟ್ರಿಗರ್ ಎಳೆದೆ. ಕ್ಲಿಕ್ ಅಂತು. ಇಲ್ಲ ಅಂತ ಆಯ್ತಲ್ಲ? ಮೊಹರು ಹಾಕ್ದೆ."

ಆ ಮೊಹರನ್ನು ಈಗಷ್ಟೇ ಅವಳೇ ಕತ್ತರಿಸಿದ್ದಳು. ದಫೇದಾರ ಕಟ್ಟಿದ ದಾರ, ದಫೇದಾರ ಸುರಿದ ಅರಗು, ಅದರ ಮೇಲೆ ಅವನದೇ ಹೆಬ್ಬೆಟ್ಟಿನ ಗೆರೆ. ಬೇರೆ ಯಾರ ಮೊಹರೂ ಅಲ್ಲಿರಲಿಲ್ಲ. ಆದರೆ ರೈಫಲನ್ನು ಬಿಚ್ಚಿ ನೋಡಿ, ಹಾರಿಸಿ ನೋಡಿ, ಸುಸ್ಥಿತಿಯಲ್ಲಿದೆ ಎಂದು ಆಯುಧ ಪರೀಕ್ಷಕರ ವರದಿ ಆಗಲೇ ಬಂದಿತ್ತು.

ಅವಳು ಅಲ್ಲಿಂದಲೇ ಅವರಿಗೆ ಫೋನು ಮಾಡಿದಳು.

"ಬೋಲ್ಟು ಎಳೆದು ನೋಡಿದ್ರಾ ಸಾರ್?"

ಆ ಕಡೆ ಅವರು ಏನನ್ನೋ ಅಗಿಯುತ್ತಿದ್ದರು. ಅಗಿದು, ನುಂಗಿ, ಹಲ್ಲಿನ ಸಂದಿಯಿಂದ ಚೊಯ್ ಎಂದು ಗಾಳಿ ಎಳೆದುಕೊಂಡರು. "ಎಷ್ಟು ರೈಫಲ್ ನೋಡಿದೀನಿ ನಾನು. ಹೊರಗಿಂದ ನೋಡಿದ್ರೆ ಗೊತ್ತಾಗಲ್ವಾ? ದೊಡ್ಡ ಮನೆಯವರು ದುಃಖದಲ್ಲಿದ್ದಾರೆ. ಸುಮ್ನೆ ಯಾಕೆ ಕೆದಕ್ತೀರಿ?"

"ಹೊರಗಿಂದಾದ್ರೂ ನೋಡಿದ್ರಾ? ಚೀಲದ ದಾರ ಬಿಚ್ಚೇ ಇಲ್ವಲ್ಲ."

ಫೋನು ಕಟ್ ಆಯಿತು. ಅವಳು ಅದನ್ನು ಸೆರಗಿಗೆ ಒರೆಸಿಕೊಂಡಳು, ಆ ಬಾಯಿಯ ಎಂಜಲು ತಂತಿಯಿಲ್ಲದೆಯೂ ಇತ್ತ ಹರಿದು ಬಂದಿತೇನೋ ಎಂಬಂತೆ.

ಮತ್ತೆ ಬಗ್ಗಿ ನೋಡಿದಳು. ದುರ್ಬೀನನ್ನು ಎರಡು ಕಬ್ಬಿಣದ ಬಳೆಗಳು ರೈಫಲಿಗೆ ಹಿಡಿದಿಟ್ಟಿದ್ದವು. ಗಿಡ್ಡ ಬಳೆಗಳು. ದುರ್ಬೀನಿನ ಮುಂದಿನ ದಪ್ಪ ಗಾಜು ರೈಫಲಿನ ಕೊಳವೆಗೆ ತಾಗಿಯೇ ಬಿಟ್ಟಿತೇನೋ ಎಂಬಷ್ಟು ತಗ್ಗಿನಲ್ಲಿತ್ತು. ಹಿಡಿಯ ಉಂಡೆಯ ಮೇಲಾಗಲಿ, ದುರ್ಬೀನಿನ ಕರಿ ಬಣ್ಣದ ಮೇಲಾಗಲಿ, ಅವರಿಬ್ಬರು ಈಗ ಎಬ್ಬಿಸಿದ ಗೀರು ಬಿಟ್ಟರೆ ಹಳೆಯ ಗೀರು ಒಂದೂ ಇರಲಿಲ್ಲ. ಈ ಬಳೆಗಳಲ್ಲಿ ಈ ದುರ್ಬೀನು ಕೂತ ಮೇಲೆ ಈ ಬೋಲ್ಟನ್ನು ಯಾರೂ ಎತ್ತಿಯೇ ಇರಲಿಲ್ಲ.

ಅಂದರೆ ಎರಡು ಗುಂಡೂ ಹಾರಿದ ಮೇಲೆ ಯಾರೋ ಕೂತು ದುರ್ಬೀನು ಬಿಗಿದಿದ್ದರು.

ಅಷ್ಟು ದೂರದಿಂದ, ದುರ್ಬೀನಿಲ್ಲದೆ, ಎದೆಯ ನಡುಮಧ್ಯಕ್ಕೆ ಹೊಡೆಯುವ ಕೈ ಆ ಅಳಿಯನದಲ್ಲ. ಹತ್ತಿರದಿಂದ ಹಾರಿದ ಗುಂಡು ಅದು. ಮುಖ ಕಾಣುವಷ್ಟು ಹತ್ತಿರದಿಂದ.

"ಜೀಪ್ ತೆಗೀರಿ," ಎಂದಳು.

* * *

ಬಂದೂಕಿನ ಅಂಗಡಿಯವನು ಬೇಯಿಸಿದ ಮೊಟ್ಟೆಯನ್ನು ಗ್ರೀಸು ಹತ್ತಿದ ಬೆರಳುಗಳಲ್ಲೇ ಸುಲಿಯುತ್ತಿದ್ದ. ಬಿಳಿ ಮೊಟ್ಟೆಯ ಮೇಲೆ ಅವನ ಬೆರಳಿನ ಗುರುತು ಕಪ್ಪಗೆ ಮೂಡಿತ್ತು. ಅದನ್ನು ಹಾಗೇ ಬಾಯಿಗೆ ಹಾಕಿಕೊಂಡ. ಕಿರುಬೆರಳಿನ ಉಗುರನ್ನು ಉದ್ದಕ್ಕೆ ಬೆಳೆಸಿದ್ದ. ಸ್ಕ್ರೂ ಸಂದಿಯ ಕೊಳೆ ತೆಗೆಯುವುದಕ್ಕೂ ಕಿವಿಗೂ ಒಂದೇ ಉಪಕರಣ.

"ಬನ್ನಿ ಮೇಡಂ, ಬನ್ನಿ! ಪಾಪ, ಯಜಮಾನ್ರ ವಿಷಯ ಕೇಳಿ ಎರಡು ದಿನ ಊಟ ಸೇರ್ಲಿಲ್ಲ ನನಗೆ," ಎಂದ, ಎರಡನೇ ಮೊಟ್ಟೆಗೆ ಕೈ ಹಾಕುತ್ತಾ.

ಅವಳು ರೈಫಲನ್ನು ಗಾಜಿನ ಕಪಾಟಿನ ಮೇಲೆ ಇಟ್ಟಳು. "ಈ ದುರ್ಬೀನು ಮಾರಿದ್ದು ನೀವೇನಾ?"

"ನಾನೇ. ಹೊಸ ಸ್ಕೋಪು. ಹೋದ ತಿಂಗಳು ಯಜಮಾನ್ರೇ ಬಂದು ಇಲ್ಲೇ ಕೂತು..." ಮಾತು ಅರ್ಧಕ್ಕೆ ನಿಂತಿತು. ಅವನ ಕಣ್ಣು ಬಳೆಗಳ ಮೇಲೆ ಬಿದ್ದಿತ್ತು. "ಇದ್ಯಾವ ಕತ್ತೆ ಕೂರಿಸಿದ್ದು?"

"ಏನಾಗಿದೆ?"

ಅವನಿಗೆ ಈಗ ಉತ್ಸಾಹ ಬಂತು. ಡ್ರಾಯರಿನಿಂದ ಒಂದು ಜೊತೆ ಕಬ್ಬಿಣದ ಬಳೆ ತೆಗೆದು ಬೆರಳಲ್ಲಿ ಗಿರಗಿರ ತಿರುಗಿಸಿದ. "ಸ್ಕೋಪು ಕೂರಿಸೋದು ಅಂದ್ರೆ ಹೆಂಗಸರಿಗೆ ಬಳೆ ತೊಡಿಸಿದ ಹಾಗೆ ಮೇಡಂ. ದೊಡ್ಡದಾದ್ರೆ ಜಾರುತ್ತೆ, ಚಿಕ್ಕದಾದ್ರೆ ಅಳ್ತಾರೆ. ಎಲ್ಲಿ, ಒಂದ್ಸಲ ನಿಮ್ಮ ಕೈ ಕೊಡಿ..."

"ನನ್ನ ಕೈ ನನ್ನ ಹತ್ರಾನೇ ಇರ್ಲಿ. ನೀವು ಬಾಯಲ್ಲಿ ಹೇಳಿ."

ದಫೇದಾರ ಕೆಮ್ಮಿ ನಗು ನುಂಗಿಕೊಂಡ.

"ಹೇಳ್ತೀನಿ, ಅದಕ್ಕೇನು. ಸ್ಕೋಪು ಆದಷ್ಟು ತಗ್ಗಿನಲ್ಲಿದ್ರೇ ಚೆಂದ. ಕೆನ್ನೆ ಬಂದೂಕಿನ ಮರದ ಮೇಲೆ ಹಾಯಾಗಿ ಕೂರುತ್ತೆ, ಕಣ್ಣು ಗಾಜಿನ ನೇರಕ್ಕೆ ತಾನಾಗಿ ಬರುತ್ತೆ. ತೀರಾ ಎತ್ತರ ಮಾಡಿದ್ರೆ ಕೋಳಿ ಥರ ಕತ್ತು ಎತ್ಕೊಂಡು ನೋಡ್ಬೇಕು, ಗುರಿ ನಿಲ್ಲಲ್ಲ. ಹಾಗಂತ ಮುಂದಿನ ಗಾಜು ಕೊಳವೆಗೆ ತಾಗೋ ಅಷ್ಟು ತಗ್ಗಿಸೋಕೂ ಆಗಲ್ಲ. ಅದೆಲ್ಲಾ ಸರಿ ಹೋದ್ರೂ ಕೊನೇಲಿ ಜನ ಮರೆಯೋದು ಬೋಲ್ಟನ್ನ. ಈ ಹಳೇ ರೈಫಲ್ಲಿದೆಯಲ್ಲ, ಇದರ ಹಿಡಿ ನೆಟ್ಟಗೆ ಆಕಾಶ ನೋಡ್ಕೊಂಡು ಏಳುತ್ತೆ. ಗಿಡ್ಡ ಬಳೆ ಹಾಕಿದ್ರೆ ಸ್ಕೋಪಿನ ಕುಂಡೆಗೆ ಹೋಗಿ ಗುದ್ದುತ್ತೆ. ಕ್ಷಮಿಸಿ, ಬಾಯಿ ತಪ್ಪಿ ಬಂತು." ಬಾಯಿ ತಪ್ಪಿದ್ದಕ್ಕೆ ಅವನಿಗೆ ತುಂಬ ಸಂತೋಷವಾದಂತಿತ್ತು.

"ಯಜಮಾನರಿಗೆ ಇದು ಗೊತ್ತಿತ್ತಾ?"

"ಅವರಿಗೆ ಗೊತ್ತಿಲ್ದೇ ಇರುತ್ತಾ? ಇದೇ ಜಾಗದಲ್ಲಿ ಎರಡು ಜೊತೆನೂ ಇಟ್ಟು ನೋಡಿದ್ರಲ್ಲ. ಗಿಡ್ಡ ಬಳೆ ಇಟ್ಟಾಗ ಬೋಲ್ಟು ಹೀಗೇ ಸಿಕ್ಕಿಹಾಕ್ಕೊಂಡ್ತು. ಬಿದ್ದು ಬಿದ್ದು ನಕ್ರು. 'ಇದನ್ನ ಕಟ್ಕೊಂಡು ಹೋದ್ರೆ ಹಂದಿ ಬಂದು ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೋಗುತ್ತೆ ಕಣಯ್ಯಾ' ಅಂದ್ರು. ಎತ್ತರದ ಜೊತೆ ಈ ರೈಫಲಿಗೆ ಅಂತ, ಗಿಡ್ಡದ್ದು ಮಿಲ್ಲಲ್ಲಿ ಇಲಿ ಹೊಡೆಯೋ ಸಣ್ಣ ಬಂದೂಕಿಗೆ ಅಂತ ತಗೊಂಡ್ರು. ಸ್ಕೋಪು, ಎರಡು ಜೊತೆ ಬಳೆ, ಎಲ್ಲಾ ಬೇಟೆ ಚೀಲಕ್ಕೇ ಹಾಕ್ಕೊಂಡ್ರು. ಬಿಡುವಾದಾಗ ಕೂರಿಸ್ತೀನಿ ಅಂದಿದ್ರು."

ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಬಲ್ಲ ಕೈ ಎತ್ತರದ ಬಳೆ ಹಾಕುತ್ತಿತ್ತು. ಇದು ಏನೂ ಅರಿಯದವನ ಕೈ. ಗಾಬರಿಯಲ್ಲಿ ಚೀಲಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಬಿಗಿದ ಕೈ.

ಹೊರಡುವಾಗ ಅಂಗಡಿಯವನು ಬಾಗಿಲವರೆಗೂ ಬಂದು ದನಿ ತಗ್ಗಿಸಿದ. "ಮೇಡಂ, ಕೇಸು ಮುಗಿದ ಮೇಲೆ ಈ ರೈಫಲು ನನ್ನ ಕಡೆಗೇ ಬರೋ ಹಾಗೆ ನೋಡ್ಕೊಳ್ಳಿ. ಮನುಷ್ಯನ್ನ ಉರುಳಿಸಿದ್ದು ಅಂದ್ರೆ ಕೊಳ್ಳೋಕೆ ಬೇರೆ ಥರ ಗಿರಾಕಿಗಳಿದ್ದಾರೆ. ಆ ಕೋಟೂ ಸಿಕ್ಕಿದ್ರೆ ಇನ್ನೂ ಒಳ್ಳೇದು."

ಎಡಹೊಳ್ಳೆ ಅರಳಿತು. ಉತ್ತರ ಕೊಡಲು ಬಾಯಿ ತೆರೆದರೆ ಮೊಟ್ಟೆಯ ವಾಸನೆ ಒಳಗೆ ಹೋದೀತೆಂದು ಅವಳು ಬಾಯಿ ಮುಚ್ಚಿಕೊಂಡೇ ಜೀಪು ಹತ್ತಿದಳು.

* * *

ಯಜಮಾನನ ಮನೆಯಲ್ಲಿ ಮಧ್ಯಾಹ್ನದ ಊಟ ನಡೆಯುತ್ತಿತ್ತು.

ಊಟದ ಕೋಣೆಯ ಗೋಡೆಯ ತುಂಬ ಸತ್ತ ಪ್ರಾಣಿಗಳ ತಲೆ. ಹುಳು ಹಿಡಿದು ಒಂದು ಹಂದಿಯ ಕಿವಿ ಅರ್ಧ ಉದುರಿತ್ತು. ಒಂದು ಜಿಂಕೆಯ ಗಾಜಿನ ಕಣ್ಣು ಸಡಿಲಾಗಿ ಮೆಳ್ಳೆಗಣ್ಣಾಗಿ ನೇರ ಸಾರಿನ ಪಾತ್ರೆಯನ್ನೇ ನೋಡುತ್ತಿತ್ತು. ಕೆಳಗೆ ಟೇಬಲ್ಲಿನ ಸುತ್ತ ಮೂವರು. ತುದಿಯ ಕುರ್ಚಿಯಲ್ಲಿ ಯಜಮಾನನ ಹೆಂಡತಿ, ಪೌಡರು ಹಚ್ಚಿಕೊಂಡು, ಬೆನ್ನು ನೆಟ್ಟಗೆ. ಒಂದು ಪಕ್ಕ ಮಗಳು, ತಲೆ ತಗ್ಗಿಸಿ ಬ್ರೆಡ್ಡನ್ನು ಸಣ್ಣ ಸಣ್ಣ ಚೌಕ ಮಾಡುತ್ತಾ. ಎದುರಿಗೆ ಅಳಿಯ. ಅವನ ಕಾಲಲ್ಲಿ ಮಾವನ ಚರ್ಮದ ಚಪ್ಪಲಿ. ಅಳತೆ ದೊಡ್ಡದಾಗಿ ಹಿಮ್ಮಡಿಯ ಹಿಂದೆ ಬೆರಳಷ್ಟು ಜಾಗ ಉಳಿದಿತ್ತು.

"ಬನ್ನಿ ಮೇಡಂ, ಊಟಕ್ಕೆ ಕೂತ್ಕೊಳ್ಳಿ," ಎಂದು ಅಳಿಯ ಎದ್ದು ನಿಂತ. ಮೂಳೆಯೊಂದನ್ನು ಚೀಪಿ ತಟ್ಟೆಗೆ ಹಾಕಿದ. "ಮಾವ ಹೊಡೆದ ಕೊನೇ ಹಂದಿ. ಹೋಗೋ ಹಿಂದಿನ ದಿನ ಹೊಡೆದಿದ್ರು. ಫ್ರಿಜ್ಜಲ್ಲಿಟ್ಟಿದ್ವಿ. ಅವರ ನೆನಪಿಗೆ ಅಂತ..." ಕಣ್ಣೊರೆಸಿಕೊಂಡ. ಬೆರಳಿನ ಜಿಡ್ಡು ರೆಪ್ಪೆಗೆ ಹತ್ತಿ ಹೊಳೆಯಿತು.

ಇನ್ಸ್‌ಪೆಕ್ಟರಿಗೆ ಆ ತಟ್ಟೆಯ ಕಡೆ ನೋಡಲಾಗಲಿಲ್ಲ. ಹೆಣಗಳನ್ನು ನೋಡಿದ್ದಳು, ಕೊಳೆತವನ್ನೂ ನೋಡಿದ್ದಳು. ಅವು ಯಾವುವೂ ಊಟಕ್ಕೆ ಕರೆದಿರಲಿಲ್ಲ.

"ತಟ್ಟೆ ಸರಿಸಿ," ಎಂದಳು.

ದಫೇದಾರ ರೈಫಲನ್ನು ಟೇಬಲ್ಲಿನ ಮೇಲೆ ಅಡ್ಡಕ್ಕೆ ಇಟ್ಟ. ಉಪ್ಪಿನ ಬಟ್ಟಲು ಮಗುಚಿತು.

"ಊಟದ ಟೇಬಲ್ ಮೇಲೆ ಇದನ್ನ ಇಡೋದಾ?" ಯಜಮಾನನ ಹೆಂಡತಿಯ ದನಿ ಏರಲಿಲ್ಲ. "ನಿಮಗೆ ಮನೆ, ಮರ್ಯಾದೆ ಅನ್ನೋದು ಏನಾದ್ರೂ ಇದೆಯಾ?"

"ತೋಟಾ ಇಲ್ಲ, ಹೆದರ್ಬೇಡಿ. ನಿಮ್ಮ ಅಳಿಯ ಅವತ್ತು ಎರಡನೇ ಗುಂಡು ಹೇಗೆ ಹಾರಿಸಿದ್ರು ಅಂತ ಒಂದ್ಸಲ ತೋರಿಸ್ಲಿ. ಹೋಗ್ಬಿಡ್ತೀನಿ."

"ಎಷ್ಟು ಸಲ ಹೇಳೋದು ಮೇಡಂ," ಎಂದ ಅಳಿಯ.

"ಹೇಳೋದು ಬೇಡ. ತೋರಿಸಿ."

ಅವನು ಅತ್ತೆಯ ಮುಖ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಹೆಂಡತಿ ಬ್ರೆಡ್ಡಿನಿಂದ ಕಣ್ಣೆತ್ತಲಿಲ್ಲ. ಅವನು ರೈಫಲನ್ನು ಎತ್ತಿ ಹೆಗಲಿಗೆ ಒತ್ತಿದ. ಪಕ್ಕದ ಮನೆಯ ಮಗುವನ್ನು ಒಲ್ಲದ ಮನಸ್ಸಿನಿಂದ ಎತ್ತಿಕೊಂಡವನಂತಿತ್ತು ಆ ಹಿಡಿತ. ಕೆನ್ನೆ ಮರಕ್ಕೆ ತಾಗಲಿಲ್ಲ, ಕಣ್ಣು ಗಾಜಿನ ಮೇಲೆಲ್ಲೋ ಅಲೆಯಿತು. ಬಲಗೈ ಬೋಲ್ಟಿನ ಹಿಡಿ ಹುಡುಕಿತು, ಸಿಕ್ಕಿತು, ಎತ್ತಿತು.

ಟಕ್.

ಮತ್ತೆ ಎತ್ತಿದ. ಟಕ್. ಅಂಗೈ ಜಿಡ್ಡಿಗೆ ಜಾರಿತು.

"ಇದು... ನಿಮ್ಮೋರು ಎಲ್ಲೋ ಬೀಳಿಸಿರ್ಬೇಕು."

"ಬೀಳಿಸಿದ್ರೆ ಬಾಗುತ್ತೆ, ಮುರಿಯುತ್ತೆ. ಬಳೆ ಗಿಡ್ಡ ಆಗಲ್ಲ."

"ಅವತ್ತು ಸರಿಯಾಗೇ ಇತ್ತು ಮೇಡಂ! ದೇವರಾಣೆಗೂ!"

"ಅವತ್ತು ದುರ್ಬೀನೇ ಇರ್ಲಿಲ್ಲ." ಅವಳು ಮುಂದಕ್ಕೆ ಬಾಗಿದಳು. "ಗುಂಡು ಹಾರಿದಾಗ ಅದು ಚೀಲದಲ್ಲಿತ್ತು. ಎರಡು ಗುಂಡೂ ಹಾರಿದ ಮೇಲೆ ತಂದು ಕೂರಿಸಿದ್ದು. ಯಾಕೆ ಹೇಳ್ಲಾ? ದೂರದಿಂದ ಹಂದಿ ಅಂದ್ಕೊಂಡು ಹೊಡೆದೆ ಅನ್ನೋ ಕಥೆಗೆ ದುರ್ಬೀನು ಬೇಕಲ್ಲ. ಅದಿಲ್ದೇ ಇದ್ರೆ ನೀವು ಅಟ್ಟಣೆ ಮೇಲಿರ್ಲಿಲ್ಲ. ಅವರ ಎದುರಿಗೇ ನಿಂತಿದ್ರಿ. ಅವರ ಮುಖ ನೋಡ್ತಾ ಹೊಡೆದ್ರಿ. ಆಮೇಲೆ ಅವರ ಚಪ್ಪಲಿಗೆ ಕಾಲು ತೂರಿಸಿದ್ರಿ. ಈಗ ಅವರು ಹೊಡೆದ ಹಂದಿಯ ಮೂಳೆ ಚೀಪ್ತಾ ಇದ್ದೀರಿ."

ಅಳಿಯ ರೈಫಲನ್ನು ಕೈ ಸುಟ್ಟವನಂತೆ ಕೆಳಗಿಟ್ಟು ಮತ್ತೆ ಕುರ್ಚಿಯಲ್ಲಿ ಕೂತ. ಅವನ ಗದ್ದದ ಮೇಲೆ ಸಾರಿನ ಹನಿಯೊಂದು ಉಳಿದಿತ್ತು. ಮಕ್ಕಳಂತೆ ಸದ್ದು ಮಾಡಿ ಅತ್ತುಬಿಟ್ಟ. ಅಳು ನಿಜವಾದದ್ದೇ. ಅದೇ ಇನ್ನೂ ಅಸಹ್ಯವಾಗಿತ್ತು. ಅವನು ಸತ್ತವನಿಗಾಗಿ ಅಳುತ್ತಿರಲಿಲ್ಲ.

"ಸಾಕು ನಿಲ್ಲಿಸಿ," ಎಂದಳು ಯಜಮಾನನ ಹೆಂಡತಿ. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ. ಬಾಯಿ ಒರೆಸಿ ಬಟ್ಟೆಯನ್ನು ಮಡಿಕೆ ಕೆಡದಂತೆ ಪಕ್ಕಕ್ಕಿಟ್ಟಳು. "ನೋಡಮ್ಮ, ನನ್ನ ಗಂಡ ಹೋಗಿಯಾಯ್ತು. ಇವರನ್ನ ಕರ್ಕೊಂಡು ಹೋಗಿ ಜೈಲಿಗೆ ಹಾಕಿದ್ರೆ ಹೋದವರು ವಾಪಸ್ ಬರ್ತಾರಾ? ಮಿಲ್ಲು ನಡೀಬೇಕು. ನನ್ನ ಮಗಳು ಬಾಳಬೇಕು. ಕೈತಪ್ಪು ಅಂತ ನಿಮ್ಮ ದೊಡ್ಡವರೇ ಒಪ್ಪಿದ್ದಾರೆ. ನಿಮಗೊಬ್ಬರಿಗೆ ಯಾಕೆ ಈ ಉರಿ?"

"ನಿಮ್ಮ ಯಜಮಾನರನ್ನ ಎದುರಿಗೆ ನಿಂತು ಕೊಂದಿದ್ದಾರೆ ಅಂತ ಹೇಳ್ತಾ ಇದ್ದೀನಿ. ನೀವು ಮಿಲ್ಲಿನ ಮಾತಾಡ್ತಾ ಇದ್ದೀರಿ."

"ಹೌದು, ಮಾತಾಡ್ತಾ ಇದ್ದೀನಿ. ಮಾತಾಡೋರು ಈ ಮನೇಲಿ ಇನ್ಯಾರೂ ಉಳಿದಿಲ್ಲ."

ಗೋಡೆಯ ಮೇಲಿನ ತಲೆಗಳಿಗೂ ಕೆಳಗೆ ಕೂತವರಿಗೂ ಏನು ವ್ಯತ್ಯಾಸವೆಂದು ಇನ್ಸ್‌ಪೆಕ್ಟರಿಗೆ ತೋಚಲಿಲ್ಲ. ಅವುಗಳ ಒಳಗೆ ಹುಲ್ಲಾದರೂ ಇತ್ತು. ಬಾಗಿಲು ತೆರೆದು ಅಂಗಳದ ಗಾಳಿ ಕುಡಿಯಬೇಕೆನ್ನಿಸಿತು. ಆದರೂ ಕೇಳಬೇಕಾದ ಪ್ರಶ್ನೆ ಒಂದು ಉಳಿದಿತ್ತು.

"ಚೀಲದಲ್ಲಿ ಎರಡು ಜೊತೆ ಬಳೆ ಇತ್ತು. ಗಿಡ್ಡದ್ದು ಇಲ್ಲಿದೆ. ಎತ್ತರದ್ದು ಎಲ್ಲಿ?"

ಅಳಿಯ ಮೂಗು ಒರೆಸಿಕೊಂಡು ಪಿಳಿಪಿಳಿ ನೋಡಿದ. "ಬಳೆನಾ? ಯಾವ ಬಳೆ?"

ನಟನೆಯಲ್ಲ. ಇವನಿಗೆ ನಿಜಕ್ಕೂ ಗೊತ್ತಿಲ್ಲ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಮೊದಲ ಸಲ ಕಾಲ ಕೆಳಗಿನ ನೆಲ ಸ್ವಲ್ಪ ಜಾರಿದಂತಾಯಿತು.

"ಹಳ್ಳಕ್ಕೆ ಎಸೆದೆ," ಎಂದಿತು ಒಂದು ದನಿ.

ಮಗಳು. ಬ್ರೆಡ್ಡಿನ ಚೌಕಗಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ ಮುಗಿಸಿದ್ದಳು. "ಇವರಿಗೆ ಕನ್ನಡಕದ ಸ್ಕ್ರೂ ಬಿಗಿ ಮಾಡೋಕೂ ಬರಲ್ಲ ಮೇಡಂ. ದುರ್ಬೀನು ಕೂರಿಸಿದ್ದು ನಾನು."

"ಏ!" ಎಂದ ಅಳಿಯ.

"ನೀವು ಅವತ್ತು ಮನೇಲಿದ್ರಿ ಅಂತ ಹೇಳಿದ್ರಲ್ಲಮ್ಮ?"

"ಇರ್ಲಿಲ್ಲ. ಅಪ್ಪನ ಜೊತೆ ಹೋಗಿದ್ದೆ. ಅಪ್ಪ ಬಿದ್ದಿದ್ದು ನನ್ನ ಕಣ್ಣೆದುರಿಗೇ."

ಯಜಮಾನನ ಹೆಂಡತಿಯ ಬೆನ್ನು ಮೊದಲ ಬಾರಿಗೆ ಕುರ್ಚಿಗೆ ತಾಗಿತು.

"ಅಪ್ಪ ಸತ್ತು ಬಿದ್ದಿರೋವಾಗ ನೀವು ಪಕ್ಕದಲ್ಲಿ ಕೂತು ಸ್ಕ್ರೂ ತಿರುಗಿಸ್ತಾ ಇದ್ರಿ," ಎಂದಳು ಇನ್ಸ್‌ಪೆಕ್ಟರ್. ಈ ಮನೆಯಲ್ಲಿ ಇನ್ನು ಅಸಹ್ಯಪಡಲು ಏನೂ ಉಳಿದಿಲ್ಲ ಎಂದುಕೊಂಡಿದ್ದಳು.

"ಸತ್ತಿರ್ಲಿಲ್ಲ." ಮಗಳ ದನಿ ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳಿದವರಿಗೆ ಉತ್ತರ ಕೊಟ್ಟಂತಿತ್ತು. "ಉಸಿರಾಡ್ತಾ ಇದ್ರು. ಮಾತಾಡ್ತಾನೂ ಇದ್ರು. ಆಳುಗಳು ಹಳ್ಳ ದಾಟಿ ಬರೋಕೆ ಹೊತ್ತಾಯ್ತು. ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ, ಎಷ್ಟು ಬಿಗಿ, ಎಲ್ಲಾ ಅಪ್ಪಾನೇ ಹೇಳಿಕೊಟ್ರು."

ದಫೇದಾರನ ಬಾಯಿಂದ "ಅಮ್ಮಾ" ಎಂಬ ಸಣ್ಣ ಸದ್ದು ಹೊರಟಿತು.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಮಗಳ ಎದುರಿಗೆ ಕೂತಳು. ದನಿ ತಾನಾಗಿಯೇ ಮೆತ್ತಗಾಗಿತ್ತು. "ಗಿಡ್ಡ ಬಳೆ ಯಾಕೆ ಹಾಕ್ದೆ ತಾಯಿ? ಗೊತ್ತಾಗ್ಲಿಲ್ವಾ?"

"ನಾನು ಎತ್ತರದ್ದನ್ನೇ ತೆಗೆದಿದ್ದೆ. ಅದೇ ಅಲ್ವಾ ಸರಿಯಾದ್ದು? ಅಪ್ಪ ತಲೆ ಅಲ್ಲಾಡಿಸಿದ್ರು." ಮಗಳು ತಲೆ ಅಲ್ಲಾಡಿಸಿ ತೋರಿಸಿದಳು, ನಿಧಾನವಾಗಿ, ಹೆಚ್ಚು ಅಲ್ಲಾಡಿಸಲು ಶಕ್ತಿಯಿಲ್ಲದವರ ಹಾಗೆ. "ಅದಲ್ಲ, ಗಿಡ್ಡದ್ದು ಹಾಕು ಅಂದ್ರು. ಎತ್ತರದ್ದನ್ನ ಎಸೆದುಬಿಡು ಅಂದ್ರು."

ಅಂಗಡಿಯ ಕಪಾಟಿನ ಮುಂದೆ ಬಿದ್ದು ಬಿದ್ದು ನಕ್ಕವನು. ಗಿಡ್ಡ ಬಳೆಯಲ್ಲಿ ಬೋಲ್ಟು ಸಿಕ್ಕಿಬೀಳುತ್ತದೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು. ಅರಿಯದ ಕೈ ಎಂದುಕೊಂಡಿದ್ದಳಲ್ಲ, ಅದರ ಹಿಂದೆ ಇದ್ದದ್ದು ಅವನ ನಾಲಿಗೆ. ಸಾಯುತ್ತಾ ಮಲಗಿದ್ದವನು ಬೇಕೆಂದೇ ತಪ್ಪು ಬಳೆ ಹಾಕಿಸಿದ್ದ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿ ಕಾಣಬೇಕು. ಮುಟ್ಟಿ ನೋಡಿದವರಿಗೆ ಮಾತ್ರ ತಿಳಿಯಬೇಕು.

ಅವಳು ಬಗ್ಗಿ ಬಳೆಗಳನ್ನು ಇನ್ನೊಮ್ಮೆ ನೋಡಿದಳು.

"ನೀನು ನಂಗೆ ಇದನ್ನೆಲ್ಲ ಹೇಳ್ಲೇ ಇಲ್ವಲ್ಲೇ!" ಅಳಿಯ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಒಂದು ಚಪ್ಪಲಿ ಕಾಲಿಂದ ಕಳಚಿ ಟೇಬಲ್ಲಿನ ಕೆಳಗೆ ಹೋಯಿತು. "ಮೇಡಂ, ನಾನು ಮುಟ್ಟೇ ಇಲ್ಲ. ನಾನು ಅಟ್ಟಣೆ ಮೇಲೆ ನಿದ್ದೆ ಹೊಡೀತಾ ಇದ್ದೆ. ಸದ್ದಿಗೆ ಎದ್ದು ಹೋದಾಗ ಎಲ್ಲಾ ಮುಗಿದಿತ್ತು, ಇವಳೊಬ್ಬಳೇ ಕೂತಿದ್ಲು. 'ನೀವೇ ಹೊಡೆದದ್ದು ಅಂತ ಹೇಳಿ, ಕೈತಪ್ಪು ಅಂತ ಬಿಟ್ಟುಬಿಡ್ತಾರೆ, ಮಿಲ್ಲು ನಿಮ್ಮ ಹೆಸರಿಗೆ ಬರೋ ಹಾಗೆ ಅಮ್ಮನಿಗೆ ಹೇಳ್ತೀನಿ' ಅಂದ್ಲು ಇವಳು. ಅದಕ್ಕೇ ಒಪ್ಕೊಂಡೆ! ಅಷ್ಟೇ!"

ಅಷ್ಟೇ ಎಂದ. ಒಂದು ಮಿಲ್ಲಿಗೋಸ್ಕರ ಕೊಲೆಯನ್ನು ಮೈಮೇಲೆ ಹಾಕಿಕೊಂಡವನು, ಹಾಗೆ ಹೇ‌ಳಿದರೆ ಮಾನ ಉಳಿಯುತ್ತದೆಂದು ನಂಬಿ ನಿಂತಿದ್ದ. ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು. ಯಜಮಾನನ ಹೆಂಡತಿ ಅವನನ್ನು ನೋಡಿದ ರೀತಿ ಹಲ್ಲಿಗೆ ಸಿಕ್ಕ ಕಲ್ಲನ್ನು ನೋಡಿದಂತಿತ್ತು.

ಇನ್ಸ್‌ಪೆಕ್ಟರ್ ಅವನ ಕಡೆ ತಿರುಗಲೂ ಇಲ್ಲ.

"ಅಪ್ಪ ಇದನ್ನೆಲ್ಲ ಹೇಳುವಾಗ ಅಲ್ಲಿ ಇನ್ನೊಬ್ಬರು ಇದ್ರು ಅಲ್ವಾ?" ಎಂದಳು. "ಅವರಿಗೆ ಅನುಮಾನ ಬರಬಾರದು ಅಂತ ಅಪ್ಪ ಹಾಗೆ ಮಾಡಿದ್ರು. ದುರ್ಬೀನು ಕೂರಿಸು ಅಂತ ಹೇಳಿದ್ದೇ ಆ ಇನ್ನೊಬ್ಬರು. ಹೌದಾ?"

ಮಗಳು ಹೌದೆಂದು ತಲೆಯಾಡಿಸಿದಳು.

"ರೈಫಲು ಯಾರ ಕೈಲಿತ್ತಮ್ಮ?"

"ಅವರ ಕೈಲಿ." ಅವಳ ಕಣ್ಣು ಈಗ ತುಂಬಿಕೊಂಡಿತು, ಇಷ್ಟು ಹೊತ್ತೂ ಒಣಗಿದ್ದ ಕಣ್ಣು. "ನಾನು ಸ್ಕ್ರೂ ಬಿಗಿ ಮಾಡೋವರೆಗೂ ಅವರು ಅಪ್ಪನ ಕೈ ಹಿಡ್ಕೊಂಡು ಕೂತಿದ್ರು ಮೇಡಂ. ಹಣೆ ಬೆವರು ಒರೆಸ್ತಾ ಇದ್ರು. ಅಪ್ಪ ಅವರನ್ನ ನೋಡಿ ನಗ್ತಾ ಇದ್ರು."

ಮಗಳು ಗಂಡನನ್ನು 'ಇವರು' ಎಂದಿದ್ದಳು. ತಾಯಿಯನ್ನು ಕರೆದರೆ ಅಮ್ಮ ಎನ್ನುತ್ತಿದ್ದಳು. ಈ 'ಅವರು' ಈ ಕೋಣೆಯಲ್ಲಿರಲಿಲ್ಲ.

ಇನ್ಸ್‌ಪೆಕ್ಟರ್ ಹೆಸರು ಕೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲು ಟೇಬಲ್ಲಿನ ತುದಿಯಿಂದ ಯಜಮಾನನ ಹೆಂಡತಿಯ ದನಿ ಬಂತು. ಪೌಡರಿನ ಮುಖ ಬಿಳಿಚಿ, ಎರಡೂ ಕೈ ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು. ಮೂವತ್ತು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಕಾಣದ ಬಾಗಿಲೊಂದು ತೆರೆದದ್ದನ್ನು, ಗಂಡನ ಕೈ ಹಿಡಿದು ಕೂರುವವರು ಇನ್ನೊಬ್ಬರಿದ್ದರೆಂಬುದನ್ನು, ಆಗಷ್ಟೇ ಕಂಡ ಹೆಂಗಸಿನ ದನಿ ಅದು.

"ಅವರು ಅಂದ್ರೆ ಯಾರೇ?"